ಒಂಬತ್ತು ನಿಮಿಷದ ಬಸ್ಸು

ದ್ವಾರಕಾನಾಥ ಒಂದು ಸರ್ಕಾರಿ ಕಾರ್ಖಾನೆಯ ಟೈಂ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ. ಕಾರ್ಖಾನೆಯ ದೊಡ್ಡ ಗೇಟಿಗೆ ಅಂಟಿಕೊಂಡೇ ಅವನ ಕಿಟಕಿ. ಬೆಳಿಗ್ಗೆ ಏಳೂವರೆಗೆ ಸೈರನ್ ಕೂಗುತ್ತಿತ್ತು. ಆಮೇಲಿನ ಐದು ನಿಮಿಷದೊಳಗೆ ಬಂದವರ ಕಾರ್ಡಿನ ಮೇಲೆ ಗಡಿಯಾರದ ಯಂತ್ರ ಕಪ್ಪು ಅಂಕಿ ಒತ್ತುತ್ತಿತ್ತು, ಅದು ಮೀರಿ ಬಂದವರಿಗೆ ಕೆಂಪು. ಆ ಕೆಂಪು ಅಂಕಿ ಕಂಡರೆ ದ್ವಾರಕಾನಾಥನ ಮುಖ ಅರಳುತ್ತಿತ್ತು. ಗಡಿಯಾರ ಕಾರ್ಖಾನೆಯದು, ಕಾರ್ಡು ಕಾರ್ಖಾನೆಯದು, ತಡವಾಗಿ ಬಂದವನ ಪಾಡು ಅವನದು. ಇವನಿಗೆ ಅದರಲ್ಲಿ ಕವಡೆ ಕಾಸಿನ ಲಾಭವಿರಲಿಲ್ಲ. ಆದರೂ ಲೋಕದಲ್ಲಿ ನಿಮಿಷ ಅಂದರೇನು ಅಂತ ತಿಳಿದವನು ತಾನೊಬ್ಬನೇ ಎಂದು ಅವನು ನಂಬಿದ್ದ.

ಫೌಂಡ್ರಿಯ ಹನುಮಯ್ಯ ಒಂದು ದಿನ ಆ ಐದು ನಿಮಿಷದ ಮೇಲೆ ಇನ್ನೆರಡು ನಿಮಿಷ ತಡವಾಗಿ ಬಂದ. ಹೆಂಡತಿಗೆ ಹೆರಿಗೆ ನೋವು ಶುರುವಾಗಿ, ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಓಡಿಕೊಂಡೇ ಬಂದಿದ್ದ. ಕಿಟಕಿಯ ಮುಂದೆ ಕೈ ಮುಗಿದು ನಿಂತ. ದ್ವಾರಕಾನಾಥ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಗಡಿಯಾರ ಕಾರಣ ಕೇಳಲ್ಲ ಕಣಯ್ಯ," ಎಂದ. ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ ಹೆಂಡತಿ ಸೀತಾಗೆ ಇದನ್ನು ಹೇಳಿ ನಕ್ಕ. ಸೀತಾ ನಗಲಿಲ್ಲ. "ಮಗು ಗಂಡೋ ಹೆಣ್ಣೋ?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

ಅವನ ತಾತ್ಸಾರಕ್ಕೆ ಸಿಗದವರು ಯಾರೂ ಇರಲಿಲ್ಲ. ಮೇಲಿನ ಅಧಿಕಾರಿಗಳು ಶಿಫಾರಸಿನಿಂದ ಬಂದ ದಡ್ಡರು. ಕೈ ಕೆಳಗಿನ ಗುಮಾಸ್ತರು ಪುಗಸಟ್ಟೆ ಸಂಬಳ ತಿನ್ನುವವರು. ಪಕ್ಕದ ಮನೆಯವರು ಇಂಗ್ಲಿಷ್ ಪೇಪರು ತರಿಸಿ, ಅದನ್ನು ಹಾಸಿಕೊಂಡು ಅವರೆಕಾಯಿ ಸುಲಿಯುವವರು. ಆದರೆ ಈ ತಾತ್ಸಾರದ ಸಿಂಹಪಾಲು ಮೀಸಲಾಗಿದ್ದದ್ದು ಕಾಡುಗೋಡಿಯ ಪೇಟೆ ಬೀದಿಗೆ.

೧೯೭೮ರಲ್ಲಿ ನೌಕರರ ಗೃಹ ನಿರ್ಮಾಣ ಸಂಘದವರು ಕಾಡುಗೋಡಿಯ ಆಚೆ ಹೊಲಗಳನ್ನು ಸಮ ಮಾಡಿ ಬಡಾವಣೆ ಹಾಕಿದಾಗ ದ್ವಾರಕಾನಾಥ ಅಲ್ಲಿ ಮನೆ ಕಟ್ಟಿದ್ದ. ಬಡಾವಣೆಗೆ ನೀರಿನ ಟ್ಯಾಂಕು ಬಂತು, ಲೈಟಿನ ಕಂಬ ಬಂತು, ಬಸ್ಸು ಮಾತ್ರ ಬರಲಿಲ್ಲ. ಬಸ್ಸು ರೈಲ್ವೆ ಗೇಟಿನ ಹತ್ತಿರವೇ ತಿರುಗಿಕೊಂಡು ವಾಪಸ್ಸು ಹೋಗುತ್ತಿತ್ತು. ಗೇಟಿನಿಂದ ಬಡಾವಣೆಗೆ ಒಂದೂವರೆ ಮೈಲಿ. ನಡುವೆ ಈ ಪೇಟೆ ಬೀದಿ.

ಸುತ್ತಲ ಇಪ್ಪತ್ತು ಹಳ್ಳಿಗೆ, ಹೊಸದಾಗಿ ಬಂದ ಕಾರ್ಖಾನೆಗಳ ಕೂಲಿಯವರಿಗೆ, ಬಡಾವಣೆಯವರಿಗೆ, ಎಲ್ಲರಿಗೂ ಇದ್ದದ್ದು ಅದೊಂದೇ ವ್ಯಾಪಾರದ ಬೀದಿ. ಜವಳಿ ಅಂಗಡಿಯವನು ಮಂಚ ಹಾಕಿ ಲುಂಗಿ ಟವೆಲ್ಲುಗಳನ್ನು ರಸ್ತೆಗೇ ಹರವಿರುತ್ತಿದ್ದ. ಪಾತ್ರೆ ಅಂಗಡಿಯ ಕೊಳದಪ್ಪಲೆಗಳು ಚರಂಡಿ ದಾಟಿ ಈಚೆ ಬಂದಿದ್ದವು. ಹಿಟ್ಟಿನ ಮಿಷನ್ನಿನ ಮುಂದೆ ರಾಗಿ ಮೂಟೆಗಳ ಸಾಲು, ಅದರ ಎದುರಿಗೆ ಸೀಮೆಎಣ್ಣೆ ಡಬ್ಬಗಳ ಸಾಲು. ಇಷ್ಟು ಸಾಲದು ಅಂತ ರಸ್ತೆಯ ನಟ್ಟನಡುವೆ ಎತ್ತನ್ನು ಕೆಡವಿ ಲಾಳ ಹೊಡೆಯುತ್ತಿದ್ದರು. ದ್ವಾರಕಾನಾಥ ಇಸ್ತ್ರಿ ಮಾಡಿದ ಪ್ಯಾಂಟನ್ನು ಎರಡು ಬೆರಳಲ್ಲಿ ಮೇಲೆತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಮೂಗು ಸಿಂಡರಿಸಿಕೊಂಡು ದಿನಾ ಇದನ್ನೆಲ್ಲ ದಾಟುತ್ತಿದ್ದ. ಹಿಂದೆ ಸೀತಾ ಕುಂಟುತ್ತಾ ಬರುತ್ತಿದ್ದಳು.

ಸೀತಾ ಕೆ.ಆರ್. ಪುರದ ಶಾಲೆಯಲ್ಲಿ ಟೀಚರು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಇದೇ ಬೀದಿಯಲ್ಲಿ ಜಾರಿ ಬಿದ್ದು ಬಲಮಂಡಿ ಊದಿಕೊಂಡದ್ದು ಆಮೇಲೆ ಇಳಿದೇ ಇರಲಿಲ್ಲ. ದಿನಕ್ಕೆ ಮೂರು ಮೈಲಿ ನಡೆದರೆ ಕಾಲು ಶಾಶ್ವತವಾಗಿ ಹೋಗುತ್ತೆ ಎಂದು ಡಾಕ್ಟರು ಹೇಳಿದ್ದರು. ಸ್ಕೂಟರು ಬುಕ್ ಮಾಡಿ ಐದು ವರ್ಷವಾಗಿತ್ತು, ಸರದಿ ಬರಲು ಇನ್ನೂ ನಾಲ್ಕು ವರ್ಷ ಬೇಕಿತ್ತು. ಕೊನೆಗೆ ಅವಳೇ ಒಂದು ತೀರ್ಮಾನಕ್ಕೆ ಬಂದಳು. ಜೂನ್‌ನಲ್ಲಿ ಶಾಲೆ ಬಾಗಿಲು ತೆಗೆಯುವುದರೊಳಗೆ ಬಡಾವಣೆಗೆ ಬಸ್ಸು ಬರದಿದ್ದರೆ, ಅದೇ ಶಾಲೆಯ ಪ್ರಭಾ ಟೀಚರ್ ಜೊತೆ ಕೆ.ಆರ್. ಪುರದಲ್ಲೇ ಒಂದು ರೂಮು ಹಿಡಿದು ಇದ್ದುಬಿಡುವುದು.

"ಅಂದ್ರೆ ನನ್ನ ಬಿಟ್ಟು ಹೋಗ್ತೀಯಾ?" ಎಂದ ದ್ವಾರಕಾನಾಥ.

"ಮಂಡಿ ಬಿಟ್ಟು ಹೋಗೋಕಾಗಲ್ವಲ್ರೀ," ಎಂದಳು ಸೀತಾ.

ಈ ಮಾತಿಗೆ ಅವನು ನಿಜವಾಗಿಯೂ ಹೆದರಿದ. ಮಕ್ಕಳಿಲ್ಲದ ಮನೆ. ಊರೆಲ್ಲವನ್ನೂ ಹೀಯಾಳಿಸಿ ಬಂದ ಮೇಲೆ ಸಂಜೆ ಅದನ್ನು ಕೇಳಿಸಿಕೊಳ್ಳುವುದಕ್ಕೆ ಅವನಿಗೆ ಇದ್ದದ್ದು ಅವಳೊಬ್ಬಳೇ. ಅವಳು ಹೋದರೆ ಆ ಮನೆಯಲ್ಲಿ ಗೋಡೆ ಗಡಿಯಾರದ ಜೊತೆ ಕೂತಿರಬೇಕಾಗಿತ್ತು.

ಪೇಟೆ ಬೀದಿಯ ಹನ್ನೊಂದು ಮಳಿಗೆಗಳ ಯಜಮಾನ, ಪಂಚಾಯ್ತಿ ಛೇರ್ಮನ್ ಕೃಷ್ಣಪ್ಪ ಒಮ್ಮೆ ಸೀತಾ ಕುಂಟುವುದನ್ನು ನೋಡಿ, "ಟೀಚ್ರಮ್ಮ, ನಮ್ ಗಾಡಿ ದಿನಾ ಗೇಟಿನ ತಾವ್ಕೆ ಓಯ್ತದೆ, ಅದ್ರಲ್ ಕೂತ್ಕಂಡ್ ಓಗಿ," ಎಂದಿದ್ದ. ತಲೆತಲಾಂತರದಿಂದ ಅಲ್ಲೇ ಉತ್ತು ಬಿತ್ತಿದ ಮನೆತನ ಅವನದು. ಬಡಾವಣೆ ಎದ್ದಿದ್ದ ನೆಲದಲ್ಲಿ ಅರ್ಧ ಅವನದೇ ಹೊಲವಾಗಿತ್ತು. ಸೀತಾ ಒಪ್ಪಿಕೊಳ್ಳುವುದರೊಳಗೆ ದ್ವಾರಕಾನಾಥ ಅಡ್ಡ ಬಾಯಿ ಹಾಕಿ, "ಬೇಡ ಬೇಡ, ನಮಗೆ ಅಭ್ಯಾಸ ಇಲ್ಲ," ಎಂದುಬಿಟ್ಟ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, "ಎತ್ತಿನ ಗಾಡೀಲಿ ಹೋಗೋಕೆ ನೀನೇನು ಗೊಬ್ಬರವಾ?" ಎಂದ. ಇದು ಕೃಷ್ಣಪ್ಪನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಅವನು ತೋರಿಸಿಕೊಳ್ಳುವ ಪೈಕಿಯಲ್ಲ.

ಬಸ್ಸಿಗಾಗಿ ದ್ವಾರಕಾನಾಥ ಮೂರು ವರ್ಷ ಅರ್ಜಿ ಬರೆದ. ಈ ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು. ಟೈಪ್ ಮಾಡಿಸಿದ ಅರ್ಜಿ, ಅದರ ನಕಲು, ನಕಲಿಗೆ ರಸೀದಿ, ಎಲ್ಲವನ್ನೂ ಹಸಿರು ದಾರ ಕಟ್ಟಿದ ಒಂದು ಫೈಲಿನಲ್ಲಿ ಇಟ್ಟುಕೊಂಡು ರಜೆ ಹಾಕಿ ಕಚೇರಿಗಳನ್ನು ಅಲೆದ. ಕೊನೆಗೆ ೧೯೮೨ರ ಏಪ್ರಿಲ್‌ನಲ್ಲಿ ಸಾರಿಗೆ ಕಚೇರಿಯಿಂದ ಉತ್ತರ ಬಂತು. ಬೀದಿಯ ಎಡಗಡೆ ಬಸ್ಸಿಗೆಂದೇ ಒಂದು ದಾರಿಯನ್ನು ಗೆರೆ ಎಳೆದು ಬಿಡಬೇಕು, ಅದರೊಳಗೆ ಗಾಡಿ, ಮಂಚ, ಬುಟ್ಟಿ ಏನೂ ಇರಬಾರದು. ಮೇ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಬಸ್ಸು ಪರೀಕ್ಷೆಗಾಗಿ ರೈಲ್ವೆ ಗೇಟಿನಿಂದ ಹೊರಡುತ್ತದೆ. ಬಡಾವಣೆಯ ನೀರಿನ ಟ್ಯಾಂಕನ್ನು ಅದು ಒಂಬತ್ತು ನಿಮಿಷದೊಳಗೆ ಮುಟ್ಟಿದರೆ ಮಾರ್ಗ ಮಂಜೂರು. ತಪ್ಪಿದರೆ ಆ ಬಸ್ಸು ಪಟ್ಟಂದೂರು ಅಗ್ರಹಾರದ ಕಡೆಯವರಿಗೆ. ಅವರೂ ಅರ್ಜಿ ಹಾಕಿ ಕಾದಿದ್ದರು. ಇದ್ದದ್ದು ಒಂದೇ ಬಸ್ಸು, ಪರೀಕ್ಷೆಯೂ ಒಂದೇ ಸಲ.

ಗೆರೆ ಎಳೆಸುವುದಕ್ಕೆ ಪಂಚಾಯ್ತಿಯ ಹಂಗು ಬೇಕಿತ್ತು. ದ್ವಾರಕಾನಾಥ ಕೃಷ್ಣಪ್ಪನ ಜಗಲಿಗೆ ಹೋಗಿ ಕೂತು ಮಾತಾಡಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪತ್ರ ಟೈಪ್ ಮಾಡಿಸಿ ಅಂಚೆಗೆ ಹಾಕಿದ. ತಾನು ದಿನಾ ದಾಟುವ ಬೀದಿಯಲ್ಲೇ ಇದ್ದವನಿಗೆ ಅಂಚೆಯಲ್ಲಿ ಪತ್ರ. ಕೃಷ್ಣಪ್ಪ ಅದನ್ನು ಪೋಸ್ಟ್ ಮಾಸ್ಟರ ಕೈಲಿ ಓದಿಸಿಕೊಂಡ. ಎರಡೇ ದಿನದಲ್ಲಿ ತನ್ನ ಹನ್ನೊಂದು ಮಳಿಗೆಗಳ ಕಲ್ಲಿನ ಮೆಟ್ಟಿಲುಗಳನ್ನು ಹಾರೆ ಹಾಕಿ ಕೀಳಿಸಿದ. ಗೇಟಿನಿಂದ ಬೀದಿ ಮುಗಿಯುವ ಕೆರೆ ಏರಿಯ ತನಕ ದಪ್ಪಗೆ ಸುಣ್ಣದ ಗೆರೆ ಎಳೆಸಿದ. ಲಾಳ ಹೊಡೆಯುವವನನ್ನು ಹುಣಸೆ ಮರದಡಿಗೆ ಕಳಿಸಿದ. ಸೊಪ್ಪು ಮಾರುವ ಮುನಿಯಕ್ಕ ಮೂವತ್ತು ವರ್ಷದಿಂದ ಕೂತಿದ್ದ ಜಾಗ ಗೆರೆಯೊಳಗೆ ಬಂತು. ಅವಳು ಬುಟ್ಟಿ ಎತ್ತಿಕೊಂಡು ಬಿಸಿಲಿನ ಬದಿಗೆ ಹೋಗಿ ಕೂತಳು. ಬಸ್ಸು ಬಂದರೆ ಕೆ.ಆರ್. ಪುರದ ಮಾರ್ಕೆಟ್ಟಿಗೆ ತಲೆ ಮೇಲೆ ಹೊರೆ ಹೊರುವುದು ತಪ್ಪುತ್ತದಲ್ಲ ಎಂದು ಅವಳ ಲೆಕ್ಕ.

ಇದನ್ನೆಲ್ಲ ಕಂಡು ದ್ವಾರಕಾನಾಥ, "ನನ್ನ ಪತ್ರಕ್ಕೆ ಹೆದರಿದಾರೆ," ಎಂದ.

ಪರೀಕ್ಷೆಗೆ ನಾಲ್ಕು ದಿನ ಇತ್ತು. ಸೀತಾ ಊಟಕ್ಕೆ ಬಡಿಸುತ್ತಾ, "ಒಂಬತ್ತು ನಿಮಿಷದ ವಿಷಯ ಕೃಷ್ಣಪ್ಪನೋರಿಗೆ ಹೇಳಿದ್ರಾ?" ಎಂದು ಕೇಳಿದಳು.

"ಗುರುವಾರ ಬಸ್ ಬರುತ್ತೆ, ಗೆರೆ ಒಳಗೆ ನರಪಿಳ್ಳೆ ಇರಬಾರದು ಅಂತ ಹೇಳಿದೀನಿ. ಅವನಿಗೆ ಅಷ್ಟು ಸಾಕು."

"ನಿಮಿಷದ ಲೆಕ್ಕಾನೂ ಹೇಳ್ಬೇಕಲ್ವೇನ್ರೀ. ಅದೇ ತಾನೆ ಮುಖ್ಯ."

"ಅವರಿಗಾ?" ದ್ವಾರಕಾನಾಥ ತುತ್ತು ಬಿಟ್ಟು ನಕ್ಕ. "ಆ ಬೀದೀಲಿ ಒಬ್ಬನಿಗಾದ್ರೂ ನಿಮಿಷ ಅಂದ್ರೆ ಏನು ಅಂತ ಗೊತ್ತಾ? ಹೊತ್ತಾರೆ, ಮಧ್ಯಾನ, ಬೈಗು, ಅಷ್ಟೇ ಅವರ ಗಡಿಯಾರ. ಹೇಳಿದ್ರೆ ಊರೆಲ್ಲ ಟಾಂ ಟಾಂ ಮಾಡಿ ಜಾತ್ರೆ ಎಬ್ಬಿಸ್ತಾರೆ. ಬೋರ್ಡು ಓದೋಕೆ ಬರದವರಿಗೆ ಪರೀಕ್ಷೆ ವಿಷಯ ಯಾಕೆ?"

"ಹೇಳಿದ್ರೆ ನಷ್ಟ ಏನು?"

"ನನ್ನ ಫೈಲು ನಾನು ನೋಡ್ಕೋತೀನಿ. ಸಾರು ಹಾಕು."

ಸೀತಾ ಸಾರು ಹಾಕಿದಳು. ತಾನೇ ಹೋಗಿ ಹೇಳಿಬಿಡಬಹುದಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆದರೆ ಇಪ್ಪತ್ತು ವರ್ಷದಿಂದ ಗಂಡನ ವಿಷಯದಲ್ಲಿ ತಲೆ ಹಾಕದೆ ಇದ್ದು ರೂಢಿಯಾಗಿಬಿಟ್ಟಿತ್ತು.

ಗುರುವಾರ ದ್ವಾರಕಾನಾಥ ಅರ್ಧ ದಿನ ರಜೆ ಹಾಕಿ, ಮದುವೆ ಮುಂಜಿಗಳಿಗೆಂದು ಇಟ್ಟಿದ್ದ ಕೋಟು ತೊಟ್ಟು, ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಗೇಟಿನ ಹತ್ತಿರ ಬಂದ. ಸೀತಾಳನ್ನೂ ಕರೆತಂದು ಪರೀಕ್ಷೆಯ ಬಸ್ಸಿಗೆ ಹತ್ತಿಸಿ, ತಾನೂ ಹತ್ತಿದ. ಒಳಗೆ ಅವರನ್ನು ಬಿಟ್ಟರೆ ಇದ್ದದ್ದು ಡ್ರೈವರ್ ಚಿನ್ನಪ್ಪ ಮತ್ತು ಪರೀಕ್ಷೆಗೆ ಬಂದಿದ್ದ ಇನ್ಸ್‌ಪೆಕ್ಟರು ಇಬ್ಬರೇ. ಇನ್ಸ್‌ಪೆಕ್ಟರು ದಪ್ಪ ದೇಹದ, ಕಡಿಮೆ ಮಾತಿನ ಮನುಷ್ಯ. ಹತ್ತಕ್ಕೆ ಸರಿಯಾಗಿ ಕೈಗಡಿಯಾರ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, "ಹೊರಡಪ್ಪ," ಎಂದರು.

ಬೀದಿಯನ್ನು ನೋಡಿ ಸೀತಾಗೆ ನಂಬಿಕೆಯೇ ಬರಲಿಲ್ಲ. ಸಂತೆಯ ದಿನ, ಜನವೋ ಜನ. ಆದರೆ ಸುಣ್ಣದ ಗೆರೆಯ ಈಚೆಗೆ ಒಂದು ಕೋಳಿ ಕೂಡ ಇರಲಿಲ್ಲ. ಆ ದಾರಿಯಷ್ಟನ್ನೂ ಗುಡಿಸಿ ನೀರು ಚಿಮುಕಿಸಿದ್ದರು. ಅಂಗಡಿ ಅಂಗಡಿಯ ಮುಂದೆ ರಂಗೋಲಿ ಬಿಟ್ಟಿದ್ದರು. ಜನ ಗೆರೆಯ ಆಚೆ ಉದ್ದಕ್ಕೂ ನಿಂತು ಬಸ್ಸಿಗೆ ಕೈ ಮುಗಿಯುತ್ತಿದ್ದರು. ಮೂರು ನಿಮಿಷಕ್ಕೆ ಬಸ್ಸು ಕೃಷ್ಣಪ್ಪನ ಮಳಿಗೆಗಳ ಹತ್ತಿರ ಬಂತು. ಅಲ್ಲಿ ಬಾಳೆಕಂದು ಕಟ್ಟಿದ್ದರು, ತಮಟೆಯವರು ನಿಂತಿದ್ದರು, ದಾರಿಯ ನಡುವೆ ಐದು ಜನ ಮುತ್ತೈದೆಯರು ಕಳಸ ಹಿಡಿದು ನಿಂತಿದ್ದರು.

ಊರಿಗೆ ಮೊದಲ ಸಲ ಬಂದ ಬಸ್ಸನ್ನು ಪೂಜೆ ಮಾಡದೆ ಒಳಗೆ ಬಿಡುವುದುಂಟೇ? ಹೊಸ ಸೊಸೆಯನ್ನು ಆರತಿ ಎತ್ತದೆ ಹೊಸ್ತಿಲು ದಾಟಿಸಿದಷ್ಟೇ ತಪ್ಪು. ಅದನ್ನು ಯಾರೂ ಯಾರಿಗೂ ಹೇಳಬೇಕಾಗಿಯೇ ಇರಲಿಲ್ಲ. ಚಿನ್ನಪ್ಪ ಬ್ರೇಕ್ ಹಾಕಿದ. ಕಳಸ ಹಿಡಿದವರನ್ನು ಕಂಡೂ ಗಾಡಿ ಓಡಿಸುವ ಡ್ರೈವರು ಈ ಸೀಮೆಯಲ್ಲಿ ಹುಟ್ಟಿಲ್ಲ.

"ನಾನು ಹೇಳಲಿಲ್ವಾ? ಜಾತ್ರೆ," ಎಂದು ದ್ವಾರಕಾನಾಥ ಹಲ್ಲು ಕಡಿದ. "ಮುಠ್ಠಾಳರು. ಮುಠ್ಠಾಳರು. ಸಾರ್, ಇವರಿಗೆ..."

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, "ಬೇಗ ಮುಗಿಸಲಿ ಬಿಡಿ," ಎಂದರು.

ಬೇಗನೇ ಮುಗಿಸಿದರು. ಹೂವಿನ ಹಾರ ಹಾಕಿ, ಆರತಿ ಎತ್ತಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಚಿನ್ನಪ್ಪನ ಹಣೆಗೆ ಕುಂಕುಮ ಇಡುವುದಕ್ಕೆ ಅವರು ತೆಗೆದುಕೊಂಡದ್ದು ಎರಡೇ ನಿಮಿಷ. ನಿಮಿಷ ಗೊತ್ತಿಲ್ಲದ ಜನ ಅವರು. ಮುತ್ತೈದೆಯರು ಬದಿಗೆ ಸರಿದರು. ದಾರಿ ಮತ್ತೆ ಖಾಲಿಯಾಯಿತು. ಮುಂದೆ ಟ್ಯಾಂಕಿಗೆ ಮೂರು ನಿಮಿಷದ ಹಾದಿ, ಕೈಯಲ್ಲಿ ಇನ್ನೂ ನಾಲ್ಕು ನಿಮಿಷ. ಇನ್ಸ್‌ಪೆಕ್ಟರ ಮುಖದಲ್ಲೂ ಒಂದು ನಗು ಬಂತು. "ಹೊರಡಬಹುದು," ಎಂದರು.

ಆಗ ಕೃಷ್ಣಪ್ಪ ಬಸ್ಸಿನ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಒಂದು ಸುಗಂಧರಾಜ ಹಾರ, ಒಂದು ಮೈಸೂರು ಪೇಟ.

"ಸ್ವಾಮಿ, ಈ ಬಸ್ಸು ತಂದೋರು ನೀವು. ನಮ್ ಜನಕ್ಕೆ ಎಲ್ಡು ಮಾತು ಏಳ್ಬೇಕು," ಎಂದ.

ದ್ವಾರಕಾನಾಥನಿಗೆ ನಲವತ್ತಾರು ವರ್ಷ. ಆ ನಲವತ್ತಾರು ವರ್ಷದಲ್ಲಿ ಯಾರೂ ಅವನ ಕೊರಳಿಗೆ ಹಾರ ಹಾಕಿರಲಿಲ್ಲ, ಮದುವೆಯ ದಿನ ಸೀತಾ ಹಾಕಿದ್ದು ಬಿಟ್ಟರೆ. ಕಾರ್ಖಾನೆಯಲ್ಲಿ ಅವನು ಹತ್ತಿರ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಈಗ ನೂರಾರು ಜನ ಅವನನ್ನೇ ನೋಡುತ್ತಾ ನಿಂತಿದ್ದರು. ಅವನ ಕಾಲು ತಾನಾಗಿ ಬಸ್ಸಿನಿಂದ ಕೆಳಗಿಳಿಯಿತು.

"ರೀ, ಟೈಮು," ಎಂದಳು ಸೀತಾ.

"ಎರಡೇ ಮಾತು," ಎಂದ ದ್ವಾರಕಾನಾಥ.

ಪೇಟ ಅವನ ತಲೆಗೆ ಸ್ವಲ್ಪ ದೊಡ್ಡದಾಗಿ ಕಿವಿ ಮುಚ್ಚಿತು. ಜಗಲಿಯ ಮೇಲೆ ಹತ್ತಿ ನಿಂತು ಗಂಟಲು ಸರಿಮಾಡಿಕೊಂಡ. ಏನು ಮಾತಾಡಿದ ಅಂತೀರಿ? ಸಮಯಪಾಲನೆಯ ಬಗ್ಗೆ ಮಾತಾಡಿದ. ಜಪಾನಿನಲ್ಲಿ ರೈಲು ಅರ್ಧ ನಿಮಿಷ ತಡವಾದರೆ ಸ್ಟೇಷನ್ ಮಾಸ್ಟರು ಕ್ಷಮೆ ಕೇಳುತ್ತಾನೆ ಎಂದ. ಈ ಬೀದಿಯಲ್ಲಿ ಒಂದಾದರೂ ಗಡಿಯಾರ ಇದೆಯೇ ಎಂದು ಕೇಳಿದ. ಈ ದೇಶ ಹಾಳಾಗಿರುವುದೇ ಹೊತ್ತಿನ ಬೆಲೆ ತಿಳಿಯದ ಜನರಿಂದ ಎಂದ. ತಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗಿಲ್ಲ ಎಂದ. ಹನುಮಯ್ಯನ ಕಥೆಯನ್ನೂ, ಹೆಸರು ಬಿಟ್ಟು, ಹೇಳಿದ. ಜನ ನೆತ್ತಿ ಸುಡುವ ಬಿಸಿಲಲ್ಲಿ ನಿಂತು ಕೇಳಿದರು. ಅರ್ಧಕ್ಕರ್ಧ ಇಂಗ್ಲಿಷು, ಅವರಿಗೆ ಅರ್ಥವಾದದ್ದು ಅಷ್ಟಕ್ಕಷ್ಟೇ. ಬಯ್ಯುತ್ತಿದ್ದಾನೆ ಎನ್ನುವುದು ಮಾತ್ರ ಗೊತ್ತಾಗುತ್ತಿತ್ತು. ಬಸ್ಸು ತಂದವನು ನಾಲ್ಕು ಮಾತು ಬೈದರೆ ಬೈಯಲಿ ಎಂದು ಸುಮ್ಮನಿದ್ದರು.

ಇನ್ಸ್‌ಪೆಕ್ಟರು ಅರ್ಜಿದಾರನನ್ನು ಬಿಟ್ಟು ಹೊರಡುವಂತಿರಲಿಲ್ಲವಾದ್ದರಿಂದ ಚಿನ್ನಪ್ಪನಿಗೆ ಹಾರನ್ ಹೊಡೆಯಲು ಹೇಳಿದರು. ಚಿನ್ನಪ್ಪ ಎರಡು ಸಲ ಹೊಡೆದ. ಅದೂ ಸಮಾರಂಭದ್ದೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ದ್ವಾರಕಾನಾಥನ ದನಿ ಇನ್ನೂ ಏರಿತು. ಸೀತಾ ಕಿಟಕಿಯಿಂದ ಕೈ ಹೊರಗೆ ಚಾಚಿ ತನ್ನ ಕೈಗಡಿಯಾರ ತೋರಿಸಿದಳು. ಹೆಂಡತಿ ಹೆಮ್ಮೆಯಿಂದ ಕೈ ಬೀಸುತ್ತಿದ್ದಾಳೆ ಎಂದುಕೊಂಡು ಅವನೂ ಕೈ ಬೀಸಿದ. ಅವಳು ಕೈ ಒಳಗೆ ತೆಗೆದುಕೊಂಡಳು. ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ಮುಂದೆ ಖಾಲಿ ಬಿದ್ದಿದ್ದ ದಾರಿಯನ್ನು ನೋಡುತ್ತಾ ಕೂತಳು.

ಬಸ್ಸು ಟ್ಯಾಂಕಿನ ಹತ್ತಿರ ನಿಂತಾಗ ದ್ವಾರಕಾನಾಥನ ತಲೆಯ ಮೇಲೆ ಪೇಟ ಇನ್ನೂ ಇತ್ತು. ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆದರು. "ಹತ್ತೊಂಬತ್ತು ನಿಮಿಷ."

ಪೇಟದ ಕೆಳಗೆ ಅವನ ಮುಖ ಬಿಳಿಚಿಕೊಂಡಿತು. "ಸಾರ್, ಆ ಜನ ಪೂಜೆ ಅಂತ ಅಡ್ಡ ನಿಲ್ಲಿಸಿದ್ರಲ್ಲ, ಅದನ್ನ ಕಳೀಬೇಕು. ಹಳ್ಳಿ ಮುಕ್ಕರು, ಅವರಿಗೆ..."

"ಪೂಜೆ ಎರಡು ನಿಮಿಷ. ಬರ್ಕೊಂಡಿದೀನಿ," ಎಂದರು ಇನ್ಸ್‌ಪೆಕ್ಟರು. "ಹನ್ನೊಂದು ನಿಮಿಷ ನಿಮ್ಮ ಭಾಷಣ. ದಾರಿ ಚೆನ್ನಾಗಿತ್ತು, ಗೆರೆ ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ದಾರಿ ಬಿಟ್ಟಿದ್ದ ಬೀದೀನ ನಾನು ಸಿಟಿ ಒಳಗೂ ನೋಡಿಲ್ಲ."

"ಸಾರ್, ಇವಳ ಕಾಲಿಗೆ ಪೆಟ್ಟಾಗಿದೆ. ನಡೆಯೋಕಾಗಲ್ಲ. ಅದಕ್ಕೆ ತಾನೆ ಸಾರ್ ನಾನು ಮೂರು ವರ್ಷದಿಂದ..."

ಇನ್ಸ್‌ಪೆಕ್ಟರು ಸೀತಾಳ ಕಾಲಿನ ಕಡೆ ಒಂದು ಸಲ ನೋಡಿ ಪುಸ್ತಕ ಮುಚ್ಚಿದರು. ಸೀತಾ ಗಂಡನಿಗೆ, "ಸಾಕು ಬನ್ನಿ," ಎಂದಳು. ಕಾರಣ ಹೇಳುತ್ತಾ ಟೈಂ ಆಫೀಸಿನ ಕಿಟಕಿಯ ಮುಂದೆ ಕೈ ಮುಗಿದು ನಿಂತವರ ಮುಖ ಹೇಗಿರುತ್ತದೆ ಎಂದು ಅವಳು ಆವತ್ತು ಕಂಡಳು.

ಬಸ್ಸು ಪಟ್ಟಂದೂರು ಅಗ್ರಹಾರದ ಕಡೆ ಹೋಯಿತು. ಈ ಸಂಗತಿಯನ್ನು ದ್ವಾರಕಾನಾಥ ಪೇಟೆ ಬೀದಿಯವರಿಗೆ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ ಎಂದುಕೊಂಡರೆ ತಪ್ಪು. ಹೇಳುವಷ್ಟು ಯೋಗ್ಯತೆ ಅವರಿಗಿಲ್ಲ ಎಂದೇ ಅವನು ಈಗಲೂ ಅಂದುಕೊಂಡಿದ್ದ. ಮನೆಯಲ್ಲಿ ಕೂತು ಅವರಿಗೆ ಹಿಡಿಶಾಪ ಹಾಕಿದ. ಅವರು ಹಾರ ತಂದಿರದಿದ್ದರೆ, ಪೇಟ ತಂದಿರದಿದ್ದರೆ. ಆ ಪೇಟವನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟುಕೊಂಡ.

ಬೀದಿಯವರು ದಿನಾ ಗೆರೆ ಕಾಯುತ್ತಿದ್ದರು. ಮಂಚಗಳು ಒಳಗೇ ಇದ್ದವು, ಎತ್ತಿಗೆ ಹುಣಸೆ ಮರದಡಿಯೇ ಲಾಳ ಹೊಡೆಯುತ್ತಿದ್ದರು, ಮುನಿಯಕ್ಕ ಬಿಸಿಲಲ್ಲೇ ಕೂತಿದ್ದಳು. ಒಂದು ಮಳೆ ಬಿದ್ದು ಸುಣ್ಣ ತೊಳೆದುಹೋದಾಗ ಕೃಷ್ಣಪ್ಪ ಮತ್ತೆ ಎಳೆಸಿದ. ದ್ವಾರಕಾನಾಥ ಹೋಗುವಾಗ ಬರುವಾಗ ಜನ ಎದ್ದು ನಿಲ್ಲುತ್ತಿದ್ದರು. "ಸ್ವಾಮಿ, ಬಸ್ಸು ಯಾವತ್ತಿಂದ?" ಎಂದು ಕೇಳುತ್ತಿದ್ದರು. "ಬರುತ್ತೆ. ಫೈಲು ಮೇಲಕ್ಕೆ ಹೋಗಿದೆ," ಎಂದು ಅವನು ನಡೆಯುವುದನ್ನು ನಿಲ್ಲಿಸದೆ ಹೇಳುತ್ತಿದ್ದ. ಅವರು ಏಳುವುದು ಅವನಿಗೆ ಹಿತವಾಗಿಯೇ ಇತ್ತು.

ಜೂನ್‌ನ ಮೊದಲ ಸೋಮವಾರ ಸೀತಾ ಟ್ರಂಕು ಕಟ್ಟಿದಳು. ಜಗಳವಿಲ್ಲ, ಅಳುವಿಲ್ಲ. ಶನಿವಾರ ಬರುತ್ತೇನೆ, ಕಾಲು ನೆಟ್ಟಗಿದ್ದರೆ, ಎಂದಳು. ಟ್ರಂಕು ಹೊರುವವರು ಯಾರು ಎಂದು ಅವನು ಯೋಚಿಸುತ್ತಿದ್ದಾಗಲೇ ಬಾಗಿಲಲ್ಲಿ ಕೃಷ್ಣಪ್ಪನ ಗಾಡಿ ಬಂದು ನಿಂತಿತು. ಸೀತಾಳೇ ಹೇಳಿ ಕಳಿಸಿದ್ದಳು. ಕೃಷ್ಣಪ್ಪ ತಾನೇ ಹೊಡೆದುಕೊಂಡು ಬಂದಿದ್ದ. ಹುಲ್ಲಿನ ಮೇಲೆ ಜಮಖಾನ ಹಾಸಿದ್ದ. ಸೀತಾ ಹತ್ತಿ ಕೂತಳು. ದ್ವಾರಕಾನಾಥ ಕೊಡೆ ಹಿಡಿದುಕೊಂಡು ಹಿಂದೆ ನಡೆದ.

ಪೇಟೆ ಬೀದಿಯಲ್ಲಿ ಗಾಡಿ ಬಸ್ಸಿನ ದಾರಿಯಲ್ಲೇ ಹೋಯಿತು. ಮುನಿಯಕ್ಕ ಟ್ರಂಕು ನೋಡಿ ಎದ್ದು ಬಂದು ಗಾಡಿ ನಿಲ್ಲಿಸಿದಳು. "ಯಾಕವ್ವಾ ಟೀಚ್ರಮ್ಮ, ಊರು ಬುಟ್ಟು ಒಂಟ್ರಾ? ಇನ್ನೇನು ಬಸ್ಸು ಬಂದೇ ಬುಡ್ತದಲ್ಲ."

ದ್ವಾರಕಾನಾಥ ಹಿಂದಿನಿಂದ, "ಗಾಡಿ ಹೋಗಲಿ, ಲೇಟಾಗುತ್ತೆ," ಎಂದ.

ಸೀತಾ ಅವನ ಕಡೆ ತಿರುಗಲಿಲ್ಲ. "ಬಸ್ಸು ಬರಲ್ಲ ಮುನಿಯಕ್ಕ. ಬೇರೆ ಊರಿಗೆ ಹೋಯ್ತು. ಅವತ್ತು ಗೇಟಿಂದ ಟ್ಯಾಂಕಿಗೆ ಒಂಬತ್ತು ನಿಮಿಷದಲ್ಲಿ ಮುಟ್ಟಬೇಕಿತ್ತು. ಹತ್ತೊಂಬತ್ತಾಯ್ತು."

ಸುತ್ತ ಇದ್ದವರು ಹತ್ತಿರ ಬಂದರು. ಕೃಷ್ಣಪ್ಪ ಹಗ್ಗ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದ. "ಇದು ಮುಂಚೆನೇ ಗೊತ್ತಿತ್ತಾ ತಾಯಿ?"

"ಗೊತ್ತಿತ್ತು. ಸಾರಿಗೆ ಕಚೇರಿಯೋರು ಕಾಗದದಲ್ಲಿ ಬರೆದಿದ್ರು."

ಕೃಷ್ಣಪ್ಪ ಕೋಪ ಮಾಡಿಕೊಳ್ಳಲಿಲ್ಲ. "ಒಂದ್ ಮಾತು ಏಳಿದ್ರೆ ಪೂಜೆನಾ ಗೇಟಲ್ಲೇ ಮಾಡಿ ಮುಗುಸ್ತಿದ್ವಿ, ಗಡಿಯಾರ ಸುರು ಆಗೋಕ್ ಮುಂಚೆ. ಭಾಸಣ ಟ್ಯಾಂಕಿನ ತಾವ ಇಟ್ಕಂತಿದ್ವಿ. ಎಷ್ಟೊತ್ ಬೇಕಾರೂ ಮಾತಾಡ್ಬೋದಾಗಿತ್ತು ಸ್ವಾಮಿಗ್ಳು."

ಇಷ್ಟು ಹೇಳಿ ಗಾಡಿ ಹೊಡೆದ. ಗೇಟಿನ ಹತ್ತಿರ ಟ್ರಂಕನ್ನು ಬಸ್ಸಿನೊಳಕ್ಕೆ ತಾನೇ ಇಟ್ಟುಕೊಟ್ಟು, ಸೀತಾಗೆ ಕೈ ಮುಗಿದು, ದ್ವಾರಕಾನಾಥನ ಜೊತೆ ಒಂದು ಮಾತೂ ಆಡದೆ ತಿರುಗಿ ಹೋದ.

ಮಂಗಳವಾರ ಬೆಳಿಗ್ಗೆ ದ್ವಾರಕಾನಾಥ ತಾನೇ ಮಾಡಿಕೊಂಡ ನೀರು ಕಾಫಿ ಕುಡಿದು, ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕಾರ್ಖಾನೆ ಬಸ್ಸು ಹಿಡಿಯಲು ಹೊರಟ. ಪೇಟೆ ಬೀದಿಯಲ್ಲಿ ಯಾರೂ ಏಳಲಿಲ್ಲ. ಜವಳಿ ಅಂಗಡಿಯ ಮಂಚ ಈಚೆ ಬಂದಿತ್ತು. ಅದರ ಪಕ್ಕದಲ್ಲಿ, ಸುಣ್ಣದ ಗೆರೆಯ ಒಳಗೆ, ನೆರಳಿನಲ್ಲಿ, ತನ್ನ ಮೂವತ್ತು ವರ್ಷದ ಹಳೆ ಜಾಗದಲ್ಲಿ ಮುನಿಯಕ್ಕ ಕೂತಿದ್ದಳು. ಅವಳ ಸೊಪ್ಪಿನ ಬುಟ್ಟಿ ದಾರಿಗೆ ಅಡ್ಡವಾಗಿತ್ತು.

"ಏಯ್, ಏನಿದು? ಇದು ಬಸ್ಸಿನ ದಾರಿ ಅಂತ ಗೊತ್ತಿಲ್ವಾ?" ಎಂದ ದ್ವಾರಕಾನಾಥ.

ಮುನಿಯಕ್ಕ ತಲೆ ಎತ್ತಿ ನೋಡಿದಳು. ಅವಳ ಕೈ ಕೊತ್ತಂಬರಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಯಾವ ಬಸ್ಸು ಸ್ವಾಮಿ?" ಎಂದಳು.

ದ್ವಾರಕಾನಾಥ ಅಭ್ಯಾಸ ಬಲದಿಂದ ಕೈಗಡಿಯಾರ ನೋಡಿಕೊಂಡು, ಬುಟ್ಟಿಯನ್ನು ಬಳಸಿಕೊಂಡು, ಚರಂಡಿಯ ಅಂಚಿನ ಮೇಲೆ ಕಾಲಿಡುತ್ತಾ ಮುಂದೆ ಹೋದ.